ಪ್ಲಸ್-ಮೈನಸ್ 12 ವೋಲ್ಟ್ ಸಿಂತ್ ಗುಂಯ್‌ಗುಟ್ಟುತ್ತಿದೆಯೇ? ಮೊದಲು ಟ್ರಾನ್ಸ್‌ಫಾರ್ಮರ್ ನೋಡಿ

ಲಕ್ಷಣ ಸಾಮಾನ್ಯವಾಗಿ ಹೀಗಿರುತ್ತದೆ. ಬಿಡಿ ಮಾಡ್ಯೂಲ್‌ಗಳನ್ನು ಜೋಡಿಸಿ ಮನೆಯಲ್ಲೇ ಕಟ್ಟಿದ ಮಾಡ್ಯುಲರ್ ಸಿಂತ್ (ಸಿಂಥಸೈಜರ್) ಎರಡು ಮಾಡ್ಯೂಲ್ ಇದ್ದಾಗ ಚೆನ್ನಾಗಿಯೇ ನುಡಿಯುತ್ತದೆ. ಐದನೆಯದೋ ಆರನೆಯದೋ ಸೇರಿಸಿದ ಮೇಲೆ ಸ್ಪೀಕರಿನಲ್ಲಿ ಒಂದು ಗುಂಯ್ ಸದ್ದು ಹತ್ತಿಕೊಳ್ಳುತ್ತದೆ. ಆಸಿಲೇಟರಿನ ಸ್ವರ ಒರಟಾಗುತ್ತದೆ. ಎಲ್‌ಎಫ್‌ಒ (ಸ್ವರವನ್ನು ನಿಧಾನವಾಗಿ ಏರಿಳಿಸುವ ಆಸಿಲೇಟರ್) ದೀಪ ಮಿನುಗಿದಾಗಲೆಲ್ಲ ಶ್ರುತಿ ಒಂದಿಷ್ಟು ಜಾರಿ ಮತ್ತೆ ಜಾಗಕ್ಕೆ ಬರುತ್ತದೆ. ಬೆಳಿಗ್ಗೆ ಇರದ ತೊಂದರೆ ಸಂಜೆ ಏಳರ ನಂತರ ಜೋರಾಗುತ್ತದೆ. ಮಲ್ಟಿಮೀಟರ್ ಇಟ್ಟು ನೋಡಿದರೆ ಔಟ್‌ಪುಟ್‌ನಲ್ಲಿ 12 ವೋಲ್ಟ್ ನೆಟ್ಟಗೆ ಕಾಣಿಸುತ್ತದೆ.

ಇಲ್ಲಿಂದ ಮುಂದೆ ಹೆಚ್ಚಿನವರು ಹಿಡಿಯುವ ದಾರಿ ಒಂದೇ. 7812 (ಪ್ಲಸ್ 12 ವೋಲ್ಟನ್ನು ಸ್ಥಿರವಾಗಿಡುವ ರೆಗ್ಯುಲೇಟರ್) ಬದಲಿಸುತ್ತಾರೆ, ಇನ್ನೂ ದೊಡ್ಡ ಕೆಪಾಸಿಟರ್ ಹಾಕುತ್ತಾರೆ, ಗ್ರೌಂಡ್ ತಂತಿಗಳನ್ನೆಲ್ಲ ಬಿಚ್ಚಿ ಮತ್ತೆ ಬೆಸುಗೆ ಹಾಕುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಪ್ಲಸ್-ಮೈನಸ್ 12 ವೋಲ್ಟ್ ಬೇಕೆಂದು 12-0-12 (ನಡುವಿನ ತಂತಿಯಿಂದ ಎರಡೂ ತುದಿಗೆ 12 ವೋಲ್ಟ್ ಕೊಡುವ) ಟ್ರಾನ್ಸ್‌ಫಾರ್ಮರ್ ತಂದಿದ್ದರೆ, ದೋಷ ಬೋರ್ಡಿಗೆ ಬರುವ ಮೊದಲೇ ಅಂಗಡಿಯ ಕೌಂಟರಿನಲ್ಲಿ ಸೇರಿಕೊಂಡಿರುತ್ತದೆ. ಹಾಗಿದೆಯೋ ಇಲ್ಲವೋ ಎಂಬುದನ್ನು ಹೊಸ ಭಾಗ ಕೊಳ್ಳುವ ಮೊದಲೇ ಖಚಿತಪಡಿಸಿಕೊಳ್ಳಬಹುದು.

ಇಲ್ಲಿ ಹೇಳುವುದು 230 ವೋಲ್ಟ್ ಮೇನ್ಸ್ ಟ್ರಾನ್ಸ್‌ಫಾರ್ಮರ್, ಬ್ರಿಜ್ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡ್), ಎರಡು ದೊಡ್ಡ ಕೆಪಾಸಿಟರ್, ಒಂದು 7812, ಒಂದು 7912 (ಮೈನಸ್ 12ರ ರೆಗ್ಯುಲೇಟರ್) ಇರುವ ಸಪ್ಲೈಗೆ. ಯೂರೋರ‍್ಯಾಕ್ ಅಳತೆಯ ಮಾಡ್ಯೂಲ್ ಕಟ್ಟುವವರಲ್ಲಿ ಇದೇ ಹೆಚ್ಚು. 1990ರ ದಶಕದ ನಡುವೆ ಡೋಪ್ಫರ್ ಕಂಪನಿಯ ಎ-100 ಮಾಡ್ಯುಲರ್ ಬಂದಾಗಿನಿಂದ ಆ ಕುಟುಂಬಕ್ಕೆ ಪ್ಲಸ್-ಮೈನಸ್ 12 ವೋಲ್ಟ್ ಗಟ್ಟಿಯಾಗಿದೆ. ಹಳೆಯ ದೊಡ್ಡ ಮಾಡ್ಯುಲರ್‌ಗಳ ನಕ್ಷೆ ಹಿಡಿದು ಕಟ್ಟುವವರಿಗೆ 15 ವೋಲ್ಟ್ ಬೇಕಾಗುತ್ತದೆ. ಅದರ ಲೆಕ್ಕವೂ ಮುಂದೆ ಇದೆ.

ಪ್ರೈಮರಿ (ಮೇನ್ಸ್ ಬರುವ) ಕಡೆಯ ಪ್ರತಿ ತುದಿಗೂ ಸ್ಲೀವ್ ಹಾಕಿರಬೇಕು, ಲೋಹದ ಪೆಟ್ಟಿಗೆಗೆ ಅರ್ಥ್ ತಂತಿ ಕೂಡಿರಬೇಕು, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್ ಖಾಲಿಯಾಗಿದೆಯೆಂದು ಮೀಟರಿನಲ್ಲಿ ನೋಡದೆ ಕೈ ಹಾಕಬಾರದು. ಇಷ್ಟು ಇಲ್ಲದಿದ್ದರೆ ಮುಂದಿನ ಯಾವ ಪರೀಕ್ಷೆಯನ್ನೂ ಮಾಡಬೇಡಿ.

ಗುಂಯ್ ಸದ್ದಿನ ಶ್ರುತಿ ಯಾವುದು?

ನಮ್ಮ ಕೈಯಲ್ಲಿರುವುದೇ ಶ್ರುತಿ ಅಳೆಯಬಲ್ಲ ಯಂತ್ರ. ಹಾಗಾಗಿ ಮೊದಲ ಪರೀಕ್ಷೆಗೆ ಆಸಿಲೋಸ್ಕೋಪ್ ಬೇಕಿಲ್ಲ. ಫೋನಿನ ಟ್ಯೂನರ್ ಆ್ಯಪ್ ತೆರೆದು ಸ್ಪೀಕರ್ ಮುಂದೆ ಹಿಡಿಯಿರಿ. ನಮ್ಮ ಮೇನ್ಸ್ 50 ಹರ್ಟ್ಜ್, ಅದರ ಎರಡರಷ್ಟು 100 ಹರ್ಟ್ಜ್. ಎರಡೂ ಜಿ ಸ್ವರದಿಂದ ಸುಮಾರು 35 ಸೆಂಟ್ (ಸೆಮಿಟೋನಿನ ನೂರನೆಯ ಒಂದು ಭಾಗ ಒಂದು ಸೆಂಟ್) ಮೇಲೆ ಬೀಳುತ್ತವೆ. ಕೆಳಗಿನ ಜಿ 49 ಹರ್ಟ್ಜ್, ಮೇಲಿನದು 98. ಆದ್ದರಿಂದ ಟ್ಯೂನರ್ 'ಜಿ, ಸ್ವಲ್ಪ ಏರು' ಎಂದರೆ ಅದು ಮೇನ್ಸ್ ಸಂತಾನವೇ. ಯಾವ ಆಕ್ಟೇವ್ ಎಂಬುದೇ ಈಗಿನ ಪ್ರಶ್ನೆ. ಫೋನಿನ ಮೈಕ್ 50 ಹರ್ಟ್ಜನ್ನು ಸರಿಯಾಗಿ ಹಿಡಿಯದಿದ್ದರೆ, ಒಂದು ಆಸಿಲೇಟರಿನ ಸೈನ್ ಅಲೆಯನ್ನು ಗುಂಯ್ ಸದ್ದಿನ ಜೊತೆಗೇ ಕೇಳುತ್ತ ಮೆಲ್ಲಗೆ ತಿರುಗಿಸಿ. ಎರಡರ ನಡುವಿನ ಏರಿಳಿತ ನಿಧಾನವಾಗಿ ನಿಲ್ಲುವ ಜಾಗ ಸಿಕ್ಕರೆ ಅದೇ ಶ್ರುತಿ.

100 ಹರ್ಟ್ಜ್, ಅದೂ ಮೇಲೆ ಕರಕರ ಎನ್ನುವ ಅಂಚಿದ್ದರೆ, ರೆಕ್ಟಿಫೈಯರ್ ದಾಟಿದ ಮೇಲಿನ ರಿಪಲ್ (ಡಿಸಿಯಲ್ಲಿ ಉಳಿದ ಏರಿಳಿತ) ರೆಗ್ಯುಲೇಟರನ್ನು ತೂರಿಕೊಂಡು ಬರುತ್ತಿದೆ. ಮೆತ್ತನೆಯ 50 ಹರ್ಟ್ಜ್ ಆದರೆ ಕಥೆ ಬೇರೆ: ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ ತಂತಿಗಳನ್ನು ಹಿಡಿದಿರಬಹುದು, ಡಯೋಡ್ ಒಂದು ಸತ್ತಿರಬಹುದು, ಸುತ್ತುಗಳು ತಿರುಗುಮುರುಗಾಗಿ ಜೋಡಣೆಯಾಗಿರಬಹುದು. ಅಮೆರಿಕದವರು ಬರೆದ ಮಾರ್ಗದರ್ಶಿಗಳಲ್ಲಿ ಇದೇ ಅಂಕಿಗಳು 60 ಮತ್ತು 120 ಎಂದಿರುತ್ತವೆ. ಅವರ ಕೆಪಾಸಿಟರ್ ಲೆಕ್ಕವನ್ನು ಹಾಗೆಯೇ ಎತ್ತಿಕೊಂಡರೆ ಇಲ್ಲಿ ರಿಪಲ್ ಐದನೆಯ ಒಂದು ಭಾಗ ಹೆಚ್ಚಿಗೆ ಬರುತ್ತದೆ, ಏಕೆಂದರೆ ನಮ್ಮಲ್ಲಿ ಕೆಪಾಸಿಟರ್ ಎರಡು ತುಂಬುವಿಕೆಗಳ ನಡುವೆ ಹೆಚ್ಚು ಹೊತ್ತು ಒಂಟಿಯಾಗಿ ಹೊರೆ ಹೊರಬೇಕು.

ಮೀಟರ್ ಇಡಬೇಕಾದ ಜಾಗ

ರೆಗ್ಯುಲೇಟರಿನ ಔಟ್‌ಪುಟ್ ಬಿಡಿ. ಇನ್‌ಪುಟ್ ಕಾಲು ಮತ್ತು ಗ್ರೌಂಡ್ ನಡುವೆ ಅಳೆಯಿರಿ, ಎಲ್ಲ ಮಾಡ್ಯೂಲ್‌ಗಳೂ ಚಾಲೂ ಇರುವಾಗ, ಸಾಧ್ಯವಾದರೆ ತೊಂದರೆ ಹೆಚ್ಚಿರುವ ಸಂಜೆಯಲ್ಲೇ.

ಡಿಸಿ ಸ್ಥಾನದಲ್ಲಿ ಮೀಟರ್ ತೋರಿಸುವುದು ಸರಾಸರಿ. ಕೆಪಾಸಿಟರಿನ ಮೇಲಿನ ವೋಲ್ಟೇಜ್ ಸೆಕೆಂಡಿಗೆ ನೂರು ಸಲ ಏರಿ ಇಳಿಯುತ್ತಿರುತ್ತದೆ, ನಮಗೆ ಬೇಕಾದದ್ದು ಆ ಇಳಿತದ ತಳ. ಅದಕ್ಕೆ ಎಸಿ ಸ್ಥಾನದಲ್ಲೂ ಒಮ್ಮೆ ಅಳೆಯಿರಿ. ಬಂದ ಅಂಕಿಯನ್ನು ಮೂರೂವರೆಯಿಂದ ಗುಣಿಸಿದರೆ ತುದಿಯಿಂದ ತಳದವರೆಗಿನ ರಿಪಲ್ ಅಂದಾಜು ಸಿಗುತ್ತದೆ. ಅದರ ಅರ್ಧವನ್ನು ಡಿಸಿ ಅಂಕಿಯಿಂದ ಕಳೆಯಿರಿ. ಉದಾಹರಣೆಗೆ ಡಿಸಿ 14.6 ವೋಲ್ಟ್, ಎಸಿ 0.65 ವೋಲ್ಟ್ ಬಂತು ಎನ್ನಿ. ರಿಪಲ್ ಸುಮಾರು 2.3, ಅದರ ಅರ್ಧ 1.15, ತಳ ಸುಮಾರು 13.45 ವೋಲ್ಟ್.

7812ಗೆ ತನ್ನ ಔಟ್‌ಪುಟ್‌ಗಿಂತ ಸುಮಾರು 2 ವೋಲ್ಟ್ ಹೆಚ್ಚಿಗೆ ಬೇಕು, ಅಂದರೆ 14. ಡೇಟಾಶೀಟ್‌ಗಳು 14.5 ವೋಲ್ಟಿನಿಂದ ಮೇಲಷ್ಟೇ ಪೂರ್ತಿ ಭರವಸೆ ಕೊಡುತ್ತವೆ. ತಳ 13.45 ಆದರೆ ಪ್ರತಿ ಅಲೆಯ ಕೊನೆಯ ತುಣುಕಿನಲ್ಲಿ ರೆಗ್ಯುಲೇಟರ್ ಕೆಲಸ ಕೈಬಿಡುತ್ತದೆ. ಔಟ್‌ಪುಟ್ ಅಷ್ಟು ಹೊತ್ತು ಕುಸಿದು ಮತ್ತೆ 12ಕ್ಕೆ ಏರುತ್ತದೆ. ಮೀಟರ್ ಸರಾಸರಿ ತೆಗೆದು 11.9 ಎನ್ನುತ್ತದೆ, ನಾವು 'ಸರಿಯಿದೆಯಲ್ಲ' ಅಂದುಕೊಳ್ಳುತ್ತೇವೆ. ಕಿವಿ ಮಾತ್ರ ಮೋಸ ಹೋಗುವುದಿಲ್ಲ. ಒಂದು ವೋಲ್ಟಿಗೆ ಒಂದು ಆಕ್ಟೇವ್ ಎಂಬ ಲೆಕ್ಕದಲ್ಲಿ ಒಂದು ಸೆಮಿಟೋನ್ ಅಂದರೆ 83 ಮಿಲಿವೋಲ್ಟ್. ಶ್ರುತಿ ನಿರ್ಧರಿಸುವ ಕಂಟ್ರೋಲ್ ವೋಲ್ಟೇಜಿಗೆ 10 ಮಿಲಿವೋಲ್ಟ್ ಕೊಳೆ ಸೇರಿದರೂ ಶ್ರುತಿ 12 ಸೆಂಟ್ ಅಲುಗುತ್ತದೆ.

ಒಂದು ಎಚ್ಚರಿಕೆ. ಎಲ್ಲೆಡೆ ಸಿಗುವ ಅಗ್ಗದ ಹಳದಿ 830 ಮಾದರಿ ಮೀಟರುಗಳು ಈ ಎಸಿ ಅಳತೆಗೆ ನಾಲಾಯಕ್ಕು. ಅವುಗಳ ಅತಿ ಚಿಕ್ಕ ಎಸಿ ರೇಂಜ್ 200 ವೋಲ್ಟ್, ಜೊತೆಗೆ ಅವು ಡಿಸಿಯನ್ನು ತಡೆಯುವುದೂ ಇಲ್ಲ. ಆದ್ದರಿಂದ ಅಸಂಬದ್ಧ ದೊಡ್ಡ ಅಂಕಿ ಕಾಣಿಸುತ್ತದೆ. ಬೇರೆ ಮೀಟರ್ ಇಲ್ಲದಿದ್ದರೆ ಇನ್ನೊಂದು ದಾರಿ: ಇನ್‌ಪುಟ್‌ನ ಡಿಸಿ ಅಂಕಿಯನ್ನಷ್ಟೇ ಗಮನಿಸುತ್ತ ಮಾಡ್ಯೂಲ್‌ಗಳನ್ನು ಒಂದೊಂದಾಗಿ ಕಳಚಿ. ಡಿಸಿ 16 ದಾಟುತ್ತಿದ್ದಂತೆ ಗುಂಯ್ ಸದ್ದು ಮಾಯವಾದರೆ ಉತ್ತರ ಸಿಕ್ಕಂತೆಯೇ.

12-0-12 ಯಾಕೆ ಸಾಲದು

ಟ್ರಾನ್ಸ್‌ಫಾರ್ಮರ್ ಮೇಲೆ ಬರೆದ 12 ವೋಲ್ಟ್ ಆರ್‌ಎಂಎಸ್ ಲೆಕ್ಕದ್ದು, ಅಂದರೆ ಅಲೆಯ ಪರಿಣಾಮಕಾರಿ ಸರಾಸರಿ. ಅದರ ತುದಿ 1.414 ಪಟ್ಟು, ಅಂದರೆ 17 ವೋಲ್ಟ್. ಸೆಂಟರ್ ಟ್ಯಾಪ್ (ಸುತ್ತಿನ ನಡುವಿನ ತಂತಿ) ಇರುವ ಈ ಜೋಡಣೆಯಲ್ಲಿ ಬ್ರಿಜ್‌ನಲ್ಲಿ ನಾಲ್ಕು ಡಯೋಡ್ ಇದ್ದರೂ ಪ್ರತಿ ರೈಲಿನ (ಪ್ಲಸ್ ಅಥವಾ ಮೈನಸ್ ಸಾಲಿನ) ದಾರಿಯಲ್ಲಿ ಒಂದೇ ಡಯೋಡ್ ಬರುತ್ತದೆ. ಅದಕ್ಕೆ 0.9 ವೋಲ್ಟ್ ಬಿಡಿ. ಉಳಿದದ್ದು 16. ಕಾಗದದ ಮೇಲೆ ಧಾರಾಳ.

ಈಗ ರಿಪಲ್. ಸೂತ್ರ ಸರಳ: ಕರೆಂಟನ್ನು ನೂರರಿಂದಲೂ ಕೆಪಾಸಿಟರಿನ ಅಳತೆಯಿಂದಲೂ (ಫ್ಯಾರಡ್ ಲೆಕ್ಕದಲ್ಲಿ) ಭಾಗಿಸಿ. ಅರ್ಧ ಆಂಪಿಯರ್ ಹೊರೆ, 2200 ಮೈಕ್ರೋಫ್ಯಾರಡ್ ಎಂದರೆ 2.3 ವೋಲ್ಟ್. ತಳ 13.7ಕ್ಕೆ ಬಂತು. ಬೇಕಾದದ್ದು 14. ಅಂದರೆ ಮೇನ್ಸ್ ಸರಿಯಾಗಿ 230 ಇದ್ದಾಗಲೇ ಸೋತಿದ್ದೇವೆ.

ಸಂಜೆಯ ಮೇನ್ಸ್ 207 ಇದೆ ಎನ್ನಿ, ಹತ್ತು ಶೇಕಡ ಕಡಿಮೆ. ಊರ ಹೊರಗಿನ ಬಡಾವಣೆಗಳಲ್ಲಿ, ಪಂಪ್‌ಸೆಟ್ ಲೈನಿನ ಕೊನೆಯ ಮನೆಗಳಲ್ಲಿ ಇದೇನೂ ವಿಶೇಷವಲ್ಲ. ಆಗ 12 ಹೋಗಿ 10.8 ಆಗುತ್ತದೆ, ತುದಿ 15.3, ಡಯೋಡ್ ಕಳೆದು 14.4. ರಿಪಲ್ ಕಳೆದರೆ 12.1. ಕೆಪಾಸಿಟರನ್ನು 4700ಕ್ಕೆ ಏರಿಸಿದರೆ ರಿಪಲ್ 1.1ಕ್ಕೆ ಇಳಿಯುತ್ತದೆ, ತಳ 13.3. ಈಗಲೂ ಸಾಲದು. ಎಷ್ಟೇ ದೊಡ್ಡ ಕೆಪಾಸಿಟರ್ ಹಾಕಿದರೂ 14.4ರ ಮೇಲೆ ಏರಲಾಗದು, ತುದಿಯೇ ಅಷ್ಟಿರುವುದು. ಕೆಪಾಸಿಟರ್ ಬದಲಿಸಿ ದಣಿದವರ ಕಥೆಯೆಲ್ಲ ಈ ಒಂದು ಅಂಕಿಯಲ್ಲಿ ಅಡಗಿದೆ.

ಸಂಜೆಯ ಮೇನ್ಸ್ ಬಗ್ಗೆ ಇನ್ನೊಂದು ಮಾತು. ಎಲ್ಲರ ಮನೆಯ ಟಿವಿ, ಚಾರ್ಜರ್, ಎಲ್‌ಇಡಿ ಬಲ್ಬುಗಳು ಅಲೆಯ ತುದಿಯಲ್ಲಷ್ಟೇ ಕರೆಂಟ್ ಎಳೆಯುತ್ತವೆ. ಅದರಿಂದ ಸೈನ್ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ಗೋಡೆಯ ಸಾಕೆಟ್ಟಿನಲ್ಲಿ ಮೀಟರ್ 225 ತೋರಿಸಿದರೂ ತುದಿ 318 ಮುಟ್ಟದೆ ಇರಬಹುದು. ನಮ್ಮ ಕೆಪಾಸಿಟರ್ ತುಂಬಿಕೊಳ್ಳುವುದು ಆ ತುದಿಯಿಂದಲೇ.

15-0-15 ತೆಗೆದುಕೊಂಡರೆ? ತುದಿ 21.2, ಡಯೋಡ್ ಕಳೆದು 20.3. ಮೇನ್ಸ್ 207ಕ್ಕೆ ಇಳಿದರೆ 18.2. 2200 ಮೈಕ್ರೋಫ್ಯಾರಡ್‌ನೊಂದಿಗೆ ತಳ 15.9. ಸುಮಾರು ಎರಡು ವೋಲ್ಟ್ ಉಳಿತಾಯ. ಪ್ಲಸ್-ಮೈನಸ್ 12ಕ್ಕೆ ಸರಿಯಾದ ಆಯ್ಕೆ ಇದೇ, ನನ್ನ ಮಟ್ಟಿಗೆ ಇದರಲ್ಲಿ ಚರ್ಚೆಗೆ ಜಾಗವಿಲ್ಲ. ಅದೇ ತರ್ಕದಲ್ಲಿ ಪ್ಲಸ್-ಮೈನಸ್ 15ಕ್ಕೆ 15-0-15 ಸಾಲದು: ಬೇಕಾದದ್ದು 17, ತಳ 15.9. ಅಲ್ಲಿಗೆ 18-0-18 ಬೇಕು. ಆದರೆ 18ರಲ್ಲಿ ಮೇಲಿನ ಮಿತಿ ಕಾಡುತ್ತದೆ. ಚಿಕ್ಕ ಟ್ರಾನ್ಸ್‌ಫಾರ್ಮರುಗಳು ಹೊರೆ ಇಲ್ಲದಾಗ ಬರೆದ ಅಂಕಿಗಿಂತ ಇಪ್ಪತ್ತು ಶೇಕಡ ಹೆಚ್ಚು ಕೊಡುವುದುಂಟು. ನಡುರಾತ್ರಿ ಮೇನ್ಸ್ 253ಕ್ಕೆ ಏರಿದರೆ 18 ಹೋಗಿ 23.8, ಅದರ ತುದಿ 33.6. 7815ರ ಇನ್‌ಪುಟ್ ತಡೆಯುವುದು 35 ವೋಲ್ಟ್. ಅಂಚಿನಲ್ಲೇ ನಿಂತಂತೆ. ಸ್ವಲ್ಪ ದೊಡ್ಡ ಅಳತೆಯ ಟ್ರಾನ್ಸ್‌ಫಾರ್ಮರ್ ಕೊಂಡರೆ ಈ ಏರಿಕೆ ಕಡಿಮೆಯಾಗುತ್ತದೆ.

ಈಗಾಗಲೇ 12-0-12 ಪೆಟ್ಟಿಗೆಯಲ್ಲಿ ಕೂತಿದೆ, ಬದಲಿಸಲು ಜಾಗವೇ ಇಲ್ಲ ಎನ್ನುವವರಿಗೆ ಒಂದು ತೇಪೆ ಇದೆ. ಎಲ್‌ಎಂ 2940, ಎಲ್‌ಎಂ 2990 ಎಂಬ ಲೋ-ಡ್ರಾಪ್‌ಔಟ್ ರೆಗ್ಯುಲೇಟರ್ ಜೋಡಿಗೆ ಒಂದು ಆಂಪಿಯರ್ ಹೊರೆಯಲ್ಲೂ ಅರ್ಧ ವೋಲ್ಟಿನ ಆಸುಪಾಸು ಹೆಚ್ಚಿಗೆ ಸಿಕ್ಕರೆ ಸಾಕು. 4700 ಮೈಕ್ರೋಫ್ಯಾರಡ್ ಜೊತೆ ತಳ 13.3 ಇರುವಾಗ ಅವು ಹಾಯಾಗಿ ನಡೆಯುತ್ತವೆ. 2200 ಇದ್ದರೆ 12.1, ಅವೂ ಸೋಲುತ್ತವೆ. 2940ರ ಔಟ್‌ಪುಟ್‌ಗೆ 22 ಮೈಕ್ರೋಫ್ಯಾರಡ್‌ಗೆ ಕಡಿಮೆಯಿಲ್ಲದ ಕೆಪಾಸಿಟರ್ ಬೇಕು, ಅದು ಸೆರಾಮಿಕ್ ಆಗಿದ್ದರೆ ಇನ್ನೊಂದು ಬಗೆಯ ಕಂಪನ ಶುರುವಾಗುತ್ತದೆ. ಸಾಮಾನ್ಯ ಎಲೆಕ್ಟ್ರೋಲಿಟಿಕ್ ಅಥವಾ ಟ್ಯಾಂಟಲಮ್ ಹಾಕಿ.

'ಒಂದು ಆಂಪ್' ಅಂದರೆ ಎಷ್ಟು?

ವೋಲ್ಟೇಜ್ ಸರಿಯಾಗಿದ್ದೂ ಹೊರೆ ಬಿದ್ದಾಗ ಕುಸಿಯುವ ಟ್ರಾನ್ಸ್‌ಫಾರ್ಮರುಗಳಿವೆ. ಇಲ್ಲಿ ಎರಡು ಗೊಂದಲ ಬೆರೆತಿರುತ್ತವೆ.

ಮೊದಲನೆಯದು ನಮ್ಮದೇ. ಮಾಡ್ಯೂಲ್‌ಗಳು ಒಟ್ಟು ಅರ್ಧ ಆಂಪಿಯರ್ ತಿನ್ನುತ್ತವೆ ಎಂದು ಅರ್ಧ ಆಂಪಿಯರ್ ಟ್ರಾನ್ಸ್‌ಫಾರ್ಮರ್ ತಂದರೆ ಆಗುವುದಿಲ್ಲ. ಕೆಪಾಸಿಟರ್ ಅಲೆಯುದ್ದಕ್ಕೂ ಕರೆಂಟ್ ಎಳೆಯದೆ ತುದಿಯ ಹತ್ತಿರ ಗಬಕ್ಕನೆ ಎಳೆಯುತ್ತದೆ. ಆ ಗುಟುಕುಗಳ ಆರ್‌ಎಂಎಸ್ ಬೆಲೆ ಡಿಸಿ ಕರೆಂಟಿನ ಸುಮಾರು 1.8 ಪಟ್ಟು. ಎರಡೂ ರೈಲಿನಲ್ಲಿ ಅರ್ಧ ಆಂಪಿಯರ್ ಬೇಕಾದರೆ ಸುತ್ತಿನಲ್ಲಿ 0.9 ಆಂಪಿಯರ್ ಹರಿಯುತ್ತದೆ. 15-0-15ಕ್ಕೆ ಅದು 30 ಗುಣಿಸು 0.9, ಅಂದರೆ 27 ವಿಎ (ವೋಲ್ಟ್-ಆಂಪಿಯರ್). 30 ವಿಎ ಕನಿಷ್ಠ, 45ರಿಂದ 50 ಆದರೆ ನೆಮ್ಮದಿ. ಅತಿ ದೊಡ್ಡದು ತಂದರೆ ಇನ್ನೂ ಒಳ್ಳೆಯದಲ್ಲವೇ ಎಂದು 200 ವಿಎ ಕೂರಿಸುವವರಿದ್ದಾರೆ. ಆ ಸುತ್ತಿನ ತಡೆ ಕಡಿಮೆ, ಗುಟುಕುಗಳು ಇನ್ನೂ ಚೂಪಾಗುತ್ತವೆ, ಅವು ಗ್ರೌಂಡ್ ತಂತಿಯಲ್ಲಿ ಮಾಡುವ ಗಲಾಟೆಯೂ ಹೆಚ್ಚು.

ಎರಡನೆಯದು ಲೇಬಲ್ಲಿನದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಗಳಲ್ಲಿ ಟ್ರಾನ್ಸ್‌ಫಾರ್ಮರ್ ಕೊಳ್ಳುವಾಗ ವಿಎ ಕೇಳಿದರೆ ಉತ್ತರ ಕಷ್ಟ, ಅಲ್ಲಿ ಭಾಷೆ 'ಹದಿನೈದು ಸೊನ್ನೆ ಹದಿನೈದು, ಒಂದು ಆಂಪ್' ಎಂಬುದು. ಆ ಆಂಪ್ ನಂಬಬೇಕೋ ಬೇಡವೋ ಎಂಬುದನ್ನು ಮನೆಯಲ್ಲಿ ಪರೀಕ್ಷಿಸಬಹುದು. ಬೈಕ್ ಇಂಡಿಕೇಟರಿನ 12 ವೋಲ್ಟ್ 10 ವ್ಯಾಟ್ ಬಲ್ಬ್ ಮೂರನ್ನು ಸರಣಿಯಲ್ಲಿ ಜೋಡಿಸಿ, ಸೆಂಟರ್ ಟ್ಯಾಪ್ ಬಿಟ್ಟು ಹೊರಗಿನ ಎರಡು ತುದಿಗಳಿಗೆ ಕಟ್ಟಿ. ಸುಮಾರು ಮುಕ್ಕಾಲು ಆಂಪಿಯರ್ ಹರಿಯುತ್ತದೆ. ಹೊರೆ ಇಲ್ಲದಾಗ 34 ಇದ್ದದ್ದು ಬಲ್ಬ್ ಉರಿಯುವಾಗ 30ರ ಆಸುಪಾಸು ನಿಂತರೆ ಲೇಬಲ್ ಸತ್ಯ. 26ಕ್ಕೆ ಕುಸಿದರೆ 'ಒಂದು ಆಂಪ್' ಎಂಬುದು ಅಂಟಿಸಿದವರ ಆಸೆ ಮಾತ್ರ. ಅಳೆಯುವಾಗ ಸಾಕೆಟ್ಟಿನ ಮೇನ್ಸ್ ಎಷ್ಟಿದೆಯೆಂದೂ ಬರೆದುಕೊಳ್ಳಿ, ಇಲ್ಲದಿದ್ದರೆ ತಪ್ಪು ಯಾರದೆಂದು ತಿಳಿಯದು. ಅರ್ಧ ಗಂಟೆ ಉರಿಸಿ ಪ್ಲಗ್ ಕಿತ್ತು ಕಬ್ಬಿಣದ ಮೇಲೆ ಕೈಯಿಡಿ. ಬೆಚ್ಚಗಿರುವುದು ಸಹಜ. ಐದು ಸೆಕೆಂಡ್ ಇಡಲಾಗದಿದ್ದರೆ ಆ ಟ್ರಾನ್ಸ್‌ಫಾರ್ಮರ್ ಮುಚ್ಚಿದ ಪೆಟ್ಟಿಗೆಗೆ ತಕ್ಕದ್ದಲ್ಲ.

ಕರೆಂಟ್ ಹೋದಾಗ ಮಾತ್ರ ಗುಂಯ್ ಸದ್ದು

ಇದು ನಮ್ಮ ಕಡೆಯ ವಿಶೇಷ ದೋಷ, ಹೊರಗಿನ ಮಾರ್ಗದರ್ಶಿಗಳಲ್ಲಿ ಅಷ್ಟಾಗಿ ಸಿಗುವುದಿಲ್ಲ. ಮೇನ್ಸ್ ಇದ್ದಾಗ ಸಿಂತ್ ಸೊಗಸಾಗಿರುತ್ತದೆ. ಕರೆಂಟ್ ಹೋಗಿ ಮನೆಯ ಇನ್ವರ್ಟರ್ ಹತ್ತಿದೊಡನೆ ಗುಂಯ್ ಸದ್ದು, ಟ್ರಾನ್ಸ್‌ಫಾರ್ಮರೇ ಜೀರುಂಡೆ ಧ್ವನಿ ಮಾಡತೊಡಗುತ್ತದೆ.

ಅಗ್ಗದ ಇನ್ವರ್ಟರುಗಳು ಕೊಡುವುದು ಚೌಕ ಅಲೆ. 230 ವೋಲ್ಟ್ ಆರ್‌ಎಂಎಸ್ ಇರುವ ಸೈನ್ ಅಲೆಯ ತುದಿ 325, ಅದೇ ಆರ್‌ಎಂಎಸ್ ಇರುವ ಪೂರ್ಣ ಚೌಕ ಅಲೆಯ ತುದಿ 230 ಮಾತ್ರ. ಬಲ್ಬಿಗೆ, ಫ್ಯಾನಿಗೆ ಆರ್‌ಎಂಎಸ್ ಸಾಕು. ನಮ್ಮ ಕೆಪಾಸಿಟರಿಗೆ ತುದಿ ಬೇಕು. 15-0-15 ಇದ್ದರೂ ಚೌಕ ಅಲೆಯಲ್ಲಿ ಡಯೋಡ್ ಕಳೆದು 14.1 ವೋಲ್ಟ್ ಉಳಿಯುತ್ತದೆ, 12-0-12 ಆದರೆ 11. ಅಲೆಯ ನೆತ್ತಿ ಚಪ್ಪಟೆಯಿರುವುದರಿಂದ ರಿಪಲ್ ಕಡಿಮೆ ಎಂಬುದೊಂದೇ ಸಮಾಧಾನ. ಸಾಧಾರಣ ಮೀಟರುಗಳು ಸೈನ್ ಅಲೆಗೆಂದು ಅಳತೆ ಹಾಕಿಕೊಂಡವು, ಚೌಕ ಅಲೆಯನ್ನು ಹತ್ತು ಶೇಕಡಕ್ಕಿಂತ ಹೆಚ್ಚಾಗಿ ಉಬ್ಬಿಸಿ ತೋರಿಸುತ್ತವೆ. ಟ್ರೂ ಆರ್‌ಎಂಎಸ್ ಎಂದು ಬರೆದ ಮೀಟರ್ ಇಲ್ಲದೆ ಇನ್ವರ್ಟರ್ ಔಟ್‌ಪುಟ್ ಅಳೆದು ತೀರ್ಮಾನಕ್ಕೆ ಬರಬೇಡಿ. ಪರಿಹಾರ ಸೈನ್ ಅಲೆಯ ಇನ್ವರ್ಟರ್, ಇಲ್ಲವೇ ಕರೆಂಟ್ ಬರುವವರೆಗೆ ಸಿಂತ್ ಆರಿಸಿಡುವುದು. ಇದೊಂದಕ್ಕಾಗಿ 18-0-18 ತಂದರೆ ಉಳಿದ ಹೊತ್ತೆಲ್ಲ 7812 ಸುಡುತ್ತಿರುತ್ತದೆ.

50 ಹರ್ಟ್ಜ್ ಆಗಿದ್ದರೆ

ಮೊದಲು ರೆಗ್ಯುಲೇಟರ್ ಇನ್‌ಪುಟ್‌ಗಳಲ್ಲಿ ರಿಪಲ್ ಹೋಲಿಸಿ. ಒಂದು ರೈಲಿನಲ್ಲಿ ಮಾತ್ರ ಇನ್ನೊಂದರ ಎರಡರಷ್ಟು ರಿಪಲ್ ಇದ್ದರೆ ಆ ರೈಲಿನ ಒಂದು ಡಯೋಡ್ ತೆರೆದುಕೊಂಡಿದೆ, ಅಥವಾ ಅದರ ಬೆಸುಗೆ ಬಿಟ್ಟಿದೆ.

ಎರಡೂ ರೈಲಿನಲ್ಲಿ ಹಾಗಿದ್ದರೆ ಸುತ್ತುಗಳ ದಿಕ್ಕು ತಪ್ಪಿದೆ. ಇದು ಟೊರಾಯ್ಡ್ (ಬಳೆಯಾಕಾರದ ಟ್ರಾನ್ಸ್‌ಫಾರ್ಮರ್) ಕೊಂಡವರಿಗೆ ಬರುವ ಕಾಟ. ಅದರಲ್ಲಿ ಸಾಮಾನ್ಯವಾಗಿ ಸೆಂಟರ್ ಟ್ಯಾಪ್ ಇರುವುದಿಲ್ಲ, 0-15 ಮತ್ತು 0-15 ಎಂದು ಎರಡು ಬಿಡಿ ಸುತ್ತುಗಳಿರುತ್ತವೆ. ಒಂದರ ಕೊನೆಯನ್ನು ಇನ್ನೊಂದರ ಮೊದಲಿಗೆ ಸೇರಿಸಿದರೆ ಆ ಗಂಟೇ ಸೆಂಟರ್ ಟ್ಯಾಪ್. ಕೊನೆಗೆ ಕೊನೆ ಸೇರಿಸಿದರೂ ಸಿಂತ್ ಹತ್ತುತ್ತದೆ, ಹೊರೆ ಇಲ್ಲದಾಗ ಎರಡೂ ರೈಲು ಸರಿಯಾದ ಅಂಕಿಯನ್ನೇ ತೋರಿಸುತ್ತವೆ. ಆದರೆ ಪ್ರತಿ ಕೆಪಾಸಿಟರ್ ಸೆಕೆಂಡಿಗೆ ನೂರರ ಬದಲು ಐವತ್ತೇ ಸಲ ತುಂಬುತ್ತದೆ, ಅರ್ಧ ಆಂಪಿಯರ್ ಹೊರೆಗೆ ರಿಪಲ್ 4.5 ವೋಲ್ಟಿಗೆ ಏರುತ್ತದೆ. ಪರೀಕ್ಷೆ ಅರ್ಧ ನಿಮಿಷದ್ದು: ಹೊರಗಿನ ಎರಡು ತುದಿಗಳ ನಡುವೆ ಎಸಿ ಅಳೆಯಿರಿ. 30ರ ಮೇಲಿದ್ದರೆ ಸರಿ. ಸೊನ್ನೆಯ ಹತ್ತಿರ ಬಂದರೆ ಒಂದು ಸುತ್ತಿನ ತಂತಿಗಳನ್ನು ಅದಲುಬದಲು ಮಾಡಿ. ಸುತ್ತುಗಳನ್ನು ಸಮಾಂತರವಾಗಿ ಜೋಡಿಸುವಾಗ ಇದೇ ತಪ್ಪು ನೇರ ಶಾರ್ಟ್ ಆಗುತ್ತದೆ, ಅಲ್ಲಿ ಮೀಟರ್ ಇಡುವಷ್ಟು ಪುರುಸೊತ್ತು ಸಿಗುವುದಿಲ್ಲ.

ಸೆಂಟರ್ ಟ್ಯಾಪ್ ತಂತಿ ಸಡಿಲವಾಗಿದ್ದರೆ ಲಕ್ಷಣ ಬೇರೆ. ಎರಡು ಇನ್‌ಪುಟ್‌ಗಳ ಮೊತ್ತ ಸರಿಯಾಗಿರುತ್ತದೆ, ಪಾಲು ಮಾತ್ರ ಹೊರೆಯ ಮೇಲೆ ಅತ್ತಿತ್ತ ಓಲಾಡುತ್ತದೆ. ಪ್ಲಸ್ ಕಡೆ ಹೆಚ್ಚು ಎಳೆದರೆ ಅದು 13ಕ್ಕೆ ಇಳಿದು ಮೈನಸ್ ಕಡೆ 25 ದಾಟಬಹುದು.

ಇವೆಲ್ಲ ಸರಿಯಿದ್ದರೆ ಕಾಂತಕ್ಷೇತ್ರವನ್ನು ಅನುಮಾನಿಸಿ. ಪ್ಲಗ್ ಕಿತ್ತು, ಟ್ರಾನ್ಸ್‌ಫಾರ್ಮರಿನ ಸ್ಕ್ರೂ ಬಿಚ್ಚಿ, ಸೆಕೆಂಡರಿ ತಂತಿಗಳನ್ನು ಉದ್ದ ಮಾಡಿ ಒಂದು ಮೊಳ ದೂರ ಇಟ್ಟು ಮತ್ತೆ ಚಾಲೂ ಮಾಡಿ. ಸದ್ದು ಇಳಿದರೆ ಇದೇ ಕಾರಣ. ಸಾಮಾನ್ಯ ಇಐ (ಇಂಗ್ಲಿಷಿನ ಇ, ಐ ಆಕಾರದ) ತಗಡಿನ ಟ್ರಾನ್ಸ್‌ಫಾರ್ಮರ್ ಒಂದು ದಿಕ್ಕಿನಲ್ಲಿ ಹೆಚ್ಚು ಸೋರುತ್ತದೆ, ತೊಂಬತ್ತು ಡಿಗ್ರಿ ತಿರುಗಿಸಿ ಕೂರಿಸಿದರೆ ಎಷ್ಟೋ ಸಲ ಅಷ್ಟರಲ್ಲೇ ಮುಗಿಯುತ್ತದೆ. ಟೊರಾಯ್ಡ್ ಕಡಿಮೆ ಸೋರುತ್ತದೆ, ಆದರೆ ಅದಕ್ಕೆ ತನ್ನದೇ ಒಂದು ಬಲೆ ಇದೆ: ನಡುವಿನ ಬೋಲ್ಟಿನ ಮೇಲಿನ ತುದಿ ಪೆಟ್ಟಿಗೆಯ ಮುಚ್ಚಳವನ್ನು ಮುಟ್ಟಿದರೆ ಬೋಲ್ಟ್, ತಳ, ಗೋಡೆ, ಮುಚ್ಚಳ ಎಲ್ಲ ಸೇರಿ ಶಾರ್ಟ್ ಆದ ಒಂದು ಸುತ್ತಾಗುತ್ತದೆ. ಮುಚ್ಚಳ ತೆರೆದಾಗ ಸರಿಯಾಗಿ ನಡೆದು, ಮುಚ್ಚಿದೊಡನೆ ಫ್ಯೂಸ್ ಹೋಗುವ ಸಿಂತ್ ಕಂಡರೆ ಮೊದಲು ಆ ಬೋಲ್ಟ್ ನೋಡಿ.

ಗ್ರೌಂಡ್ ಬಗ್ಗೆ ಒಂದೇ ನಿಯಮ. ಸೆಂಟರ್ ಟ್ಯಾಪ್ ತಂತಿ ನೇರವಾಗಿ ಎರಡು ದೊಡ್ಡ ಕೆಪಾಸಿಟರುಗಳ ಸಂಧಿಗೆ ಬರಬೇಕು. ಮಾಡ್ಯೂಲ್‌ಗಳಿಗೆ ಹೋಗುವ ಗ್ರೌಂಡ್ ಆ ಸಂಧಿಯಿಂದಾಚೆ ಹೊರಡಬೇಕು. ತುಂಬುವ ಕರೆಂಟಿನ ಗುಟುಕುಗಳು ಆಡಿಯೋ ಗ್ರೌಂಡ್ ತಂತಿಯ ಒಂದಿಂಚನ್ನೂ ಹಂಚಿಕೊಳ್ಳಬಾರದು.

ಮೈನಸ್ ರೈಲು ಸತ್ತಿದ್ದರೆ

ಟ್ರಾನ್ಸ್‌ಫಾರ್ಮರಿಗೆ ಸಂಬಂಧವಿಲ್ಲದ, ಆದರೆ ಅದರ ತಲೆಗೆ ಕಟ್ಟುವ ದೋಷ ಇದು. 7812ರ ಕಾಲುಗಳು ಎಡದಿಂದ ಇನ್‌ಪುಟ್, ಗ್ರೌಂಡ್, ಔಟ್‌ಪುಟ್. 7912ರವು ಗ್ರೌಂಡ್, ಇನ್‌ಪುಟ್, ಔಟ್‌ಪುಟ್. ಅದರ ಬೆನ್ನಿನ ಲೋಹ ಇನ್‌ಪುಟ್‌ಗೆ ಕೂಡಿದೆ. ಎರಡನ್ನೂ ಒಂದೇ ಅಲ್ಯೂಮಿನಿಯಂ ಪಟ್ಟಿಗೆ ಮೈಕಾ ಹಾಳೆ ಇಲ್ಲದೆ ತಿರುಪಿದರೆ ಮೈನಸ್ ಇನ್‌ಪುಟ್ ಗ್ರೌಂಡಿಗೆ ಬಡಿಯುತ್ತದೆ, ಟ್ರಾನ್ಸ್‌ಫಾರ್ಮರ್ ಕಾಯುತ್ತದೆ, ಬೈಗುಳ ಅದಕ್ಕೇ ಬೀಳುತ್ತದೆ. ಒಮ್ಮೊಮ್ಮೆ ಹತ್ತುವಾಗ ಮಾತ್ರ ಒಂದು ರೈಲು ಏಳದೆ ಉಳಿದು, ಆರಿಸಿ ಹತ್ತಿಸಿದರೆ ಸರಿಯಾಗುವುದುಂಟು. ಮೊದಲು ಎದ್ದ ರೈಲು ಮಾಡ್ಯೂಲ್‌ಗಳ ಮೂಲಕ ಇನ್ನೊಂದನ್ನು ಉಲ್ಟಾ ದಿಕ್ಕಿಗೆ ಎಳೆದಿರುತ್ತದೆ. ಪ್ರತಿ ಔಟ್‌ಪುಟ್‌ನಿಂದ ಗ್ರೌಂಡಿಗೆ ಉಲ್ಟಾ ಬಯಾಸ್‌ನಲ್ಲಿ ಒಂದು 1ಎನ್4002 ಹಾಕಿದರೆ ಸಾಕು.

ಬದಲಿಸಿದ ಮೇಲೆ

12-0-12 ಕಿತ್ತು 15-0-15 ಕೂರಿಸುವವರು ಉಳಿದದ್ದನ್ನು ಹಾಗೇ ಬಿಡುತ್ತಾರೆ, ಹೊಸ ದೋಷ ಹುಟ್ಟುವುದು ಅಲ್ಲಿಂದಲೇ. ಹಳೆಯ ಕೆಪಾಸಿಟರುಗಳ ಮೇಲೆ 25 ವೋಲ್ಟ್ ಎಂದಿದ್ದರೆ ತೆಗೆಯಿರಿ. ಮೇನ್ಸ್ 253, ಮಾಡ್ಯೂಲ್ ಒಂದೂ ಇಲ್ಲ ಎಂಬ ಸ್ಥಿತಿಯಲ್ಲಿ 15-0-15ರಿಂದ 27 ವೋಲ್ಟ್ ಬರಬಹುದು. 35 ವೋಲ್ಟಿನವು ಬೇಕು.

ಶಾಖದ ಲೆಕ್ಕವೂ ಬದಲಾಗುತ್ತದೆ. ಇನ್‌ಪುಟ್ ಸರಾಸರಿ 18.5, ಔಟ್‌ಪುಟ್ 12, ಕರೆಂಟ್ ಅರ್ಧ ಆಂಪಿಯರ್ ಆದರೆ 3.25 ವ್ಯಾಟ್. ಮೇನ್ಸ್ ಏರಿದಾಗ 4.75ರವರೆಗೂ ಹೋಗುತ್ತದೆ. ರೆಗ್ಯುಲೇಟರಿನ ಬರಿಯ ಟಿಒ-220 ಮೈ ಇದನ್ನು ತಾಳದು. ಹೀಟ್‌ಸಿಂಕ್ ಚಿಕ್ಕದಾದರೆ ಸಿಂತ್ ಒಂದಿಷ್ಟು ಹೊತ್ತು ನುಡಿದು ಒಂದು ರೈಲು ತಾನಾಗಿ ಆರಿಹೋಗುತ್ತದೆ, ತಣಿದ ಮೇಲೆ ಮತ್ತೆ ಬರುತ್ತದೆ. ಅದು ರೆಗ್ಯುಲೇಟರಿನ ಒಳಗಿನ ಶಾಖರಕ್ಷಣೆ. ಪ್ರತಿ ವ್ಯಾಟಿಗೆ 8 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಏರುವ ಹೀಟ್‌ಸಿಂಕ್, ಒಂದೊಂದಕ್ಕೆ ಒಂದೊಂದು, ಪೆಟ್ಟಿಗೆಯಲ್ಲಿ ಗಾಳಿಯಾಡಲು ಕೆಳಗೂ ಮೇಲೂ ತೂತು.

30 ವಿಎ ಇಐ ಟ್ರಾನ್ಸ್‌ಫಾರ್ಮರಿಗೆ ಪ್ರೈಮರಿಯಲ್ಲಿ 250 ಮಿಲಿಆಂಪಿಯರ್ ಸ್ಲೋ-ಬ್ಲೋ (ನಿಧಾನವಾಗಿ ಸುಡುವ) ಫ್ಯೂಸ್ ಹಾಕಿ. ಟೊರಾಯ್ಡ್ ಹತ್ತುವ ಕ್ಷಣದಲ್ಲಿ ಹೆಚ್ಚು ಎಳೆಯುತ್ತದೆ, ಅದಕ್ಕೆ ಮುಂದಿನ ಅಳತೆ ಬೇಕಾಗಬಹುದು. ವೇಗದ ಫ್ಯೂಸ್ ಹಾಕಿ 'ಟ್ರಾನ್ಸ್‌ಫಾರ್ಮರ್ ಶಾರ್ಟ್ ಆಗಿದೆ' ಎಂದು ವಾಪಸ್ ಒಯ್ಯಬೇಡಿ. ಎಲ್ಲ ಮಾಡ್ಯೂಲ್ ತಗುಲಿಸಿ, ಸಂಜೆ ಮೇನ್ಸ್ ಇಳಿದ ಹೊತ್ತಿನಲ್ಲಿ ಇನ್‌ಪುಟ್‌ನ ತಳವನ್ನು ಇನ್ನೊಮ್ಮೆ ಅಳೆಯಿರಿ. 14.5ಕ್ಕಿಂತ ಮೇಲಿದ್ದು ಆಗಲೂ ಗುಂಯ್ ಸದ್ದು ಬರುತ್ತಿದ್ದರೆ ಟ್ರಾನ್ಸ್‌ಫಾರ್ಮರನ್ನು ಬಿಟ್ಟು ಮಾಡ್ಯೂಲ್‌ಗಳ ಕಡೆ ತಿರುಗಿ.